ಸೋಂಕು, ಆರ್ಜನೆ, ನಿರೋಧ: ಕಾಗಿಣಾ ತೀರದಿಂದ ಒಂದು ರೋಗದ ಪದಚರಿತ್ರೆ

ಗುರುದೀಕ್ಷೆ ಪಡೆದ ಹೊಸತರಲ್ಲಿ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಲಿಪೂಜೆ ಮುಗಿಸಿ ಹೊರಟಿದ್ದಾಗ, ವಯಸ್ಸಾದ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ಫಾದರ್, ಮಗಳಿಗಿ ಆ ಬ್ಯಾನಿ ಅದ ಅಂತ ದವಾಖಾನ್ಯಾಗ ಹೇಳ್ಯಾರ್ರಿ. ಆಕಿ ಉಂಡ ತಾಟಿನ್ಯಾಗ ನಾವು ಉಣಬಹುದೇನ್ರಿ?” ಎಂದು ಕೇಳಿದರು. ಮುಟ್ಟಿದರೆ, ಜೊತೆಗೆ ಉಂಡರೆ, ಪಕ್ಕದಲ್ಲಿ ಮಲಗಿ ಆರೈಕೆ ಮಾಡಿದರೆ ಅದು ಬರುವುದಿಲ್ಲವೆಂದು ನಾನು ಕಲಿತದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತ ಅದಕ್ಕ ಸೋಂಕು ಅಂತ ಯಾಕ ಅಂತಾರ್ರಿ?” ಎಂದರು.

ಆಗ ನನ್ನಲ್ಲಿ ಉತ್ತರವಿರಲಿಲ್ಲ. ದೈವಶಾಸ್ತ್ರದಲ್ಲಿ ಲೈಸೆನ್ಷಿಯೇಟ್ ಮಾಡಿ ಬಂದಿದ್ದವನಿಗೆ ಆ ಪ್ರಶ್ನೆ ವ್ಯಾಕರಣದ್ದೆಂದು ತೋರಿತೇ ಹೊರತು ದೈವಶಾಸ್ತ್ರದ್ದೆಂದು ತೋರಲಿಲ್ಲ. ಅದು ಎರಡೂ ಆಗಿತ್ತೆಂಬುದು ಈಚೆಗೆ, ಪಾಠ ಹೇಳುತ್ತ ಹೇಳುತ್ತ ಅರಿವಿಗೆ ಬಂದಿದೆ. ಎಚ್‌ಐವಿ, ರೋಗನಿರೋಧಕ ಶಕ್ತಿ, ಅದರ ಬೆನ್ನಿಗೆ ಬರುವ ಕ್ಯಾನ್ಸರುಗಳು, ಇವನ್ನು ಕುರಿತು ನಾವಾಡುವ ಮಾತುಗಳಲ್ಲಿ ಹೆಚ್ಚಿನವು ಈ ರೋಗಕ್ಕಿಂತ ಬಹಳ ಹಳೆಯವು. ಅವು ತಮ್ಮ ಹಿಂದಿನ ಅರ್ಥಗಳನ್ನು ಹೊತ್ತುಕೊಂಡೇ ಬಂದಿವೆ. ಅವುಗಳಲ್ಲಿ ಕೆಲವು ಧರ್ಮಸಭೆಯ ಅಂಗಳದಿಂದಲೇ ಹೊರಟವು.

ಆ ತಾಯಿಯ ಮಾತಿನಿಂದಲೇ ಆರಂಭಿಸೋಣ. ಕನ್ನಡದಲ್ಲಿ ‘ಸೋಂಕು’ ಎಂದರೆ ಮೊದಲಿಗೆ ಸ್ಪರ್ಶ. ಗಾಳಿ ಮೈಗೆ ಸೋಂಕುತ್ತದೆ, ಮಗುವಿನ ಕೆನ್ನೆ ತಾಯಿಯ ಎದೆಗೆ ಸೋಂಕುತ್ತದೆ. ವಚನಕಾರರು ಲಿಂಗದ ಸಂಗವನ್ನು ಹೇಳುವಾಗ ಇದೇ ಪದವನ್ನು ಅತ್ಯಂತ ಪವಿತ್ರ ಅರ್ಥದಲ್ಲಿ ಬಳಸಿದರು. ಹಳ್ಳಿಗಳಲ್ಲಿ ‘ಗಾಳಿ ಸೋಂಕು’ ಎಂದರೆ ದೆವ್ವ ಬಡಿಯುವುದು. ಆಧುನಿಕ ವೈದ್ಯಕೀಯ ಬಂದಾಗ, ರೋಗಾಣು ದೇಹವನ್ನು ಹೊಗುವ ಕ್ರಿಯೆಗೂ ಈ ಪದವೇ ಒದಗಿತು. ಕನ್ನಡವೊಂದೇ ಹೀಗೆ ಮಾಡಿತೆನ್ನಲಾಗದು. ಲ್ಯಾಟಿನ್ನಿನ ‘ಕೊಂತಾಜಿಯೊ’ ಎಂಬುದೂ ‘ತಾಂಜೆರೆ’, ಅಂದರೆ ಮುಟ್ಟು, ಎಂಬ ಧಾತುವಿನಿಂದ ಬಂದದ್ದು. 1546ರಲ್ಲಿ ವೆರೋನಾದ ವೈದ್ಯ ಫ್ರಾಕಾಸ್ತೊರೊ ಇದೇ ಹೆಸರಿನಲ್ಲಿ ಗ್ರಂಥ ಬರೆದು, ರೋಗವು ನೇರ ಸ್ಪರ್ಶದಿಂದ, ಬಟ್ಟೆಬರೆಗಳ ಮೂಲಕ, ದೂರದಿಂದ, ಹೀಗೆ ಮೂರು ಬಗೆಯಲ್ಲಿ ದಾಟುತ್ತದೆಂದು ವಿಂಗಡಿಸಿದ್ದನು. ಎಚ್‌ಐವಿ ಈ ಮೂರರ ಚೌಕಟ್ಟಿಗೆ ಸರಿಯಾಗಿ ಹೊಂದುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕುಳ್ಳ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ, ಇವಷ್ಟೇ ಅದರ ದಾರಿಗಳು. ಕೈ ಕುಲುಕುವುದು, ಒಂದೇ ಗಡಿಗೆಯ ನೀರು ಕುಡಿಯುವುದು, ಸೊಳ್ಳೆ ಕಚ್ಚುವುದು ಇದರಲ್ಲಿಲ್ಲ. ಆದರೂ ‘ಸೋಂಕಿತ’ ಎಂದೊಡನೆ ಕೇಳುಗನ ಕಿವಿಯಲ್ಲಿ ‘ಮುಟ್ಟಬೇಡ’ ಎಂಬ ಮಾತು ಮೊಳಗುತ್ತದೆ. ಆ ತಾಯಿ ಕೇಳಿಸಿಕೊಂಡದ್ದು ಅದನ್ನೇ.

ಯಾಜಕಕಾಂಡದ ಹದಿಮೂರನೆಯ ಅಧ್ಯಾಯವನ್ನು ಬಲ್ಲವರಿಗೆ ಇದರ ಇನ್ನೊಂದು ಮಗ್ಗುಲು ತಿಳಿದಿರುತ್ತದೆ. ಹೀಬ್ರೂವಿನ ‘ಸಾರಾಅತ್’ ಎಂಬುದನ್ನು ನಾವು ‘ಕುಷ್ಠ’ ಎನ್ನುತ್ತೇವೆ. ಆದರೆ ಅದು ಬಟ್ಟೆಗೂ ಮನೆಯ ಗೋಡೆಗೂ ತಗಲುವಂಥದ್ದು, 1873ರಲ್ಲಿ ಹಾನ್ಸೆನ್ ಕಂಡ ಬ್ಯಾಕ್ಟೀರಿಯದ ಕಾಯಿಲೆಯೊಂದೇ ಅಲ್ಲ. ಅಲ್ಲಿ ಮೈಯನ್ನು ಪರೀಕ್ಷಿಸಿ ‘ಅಶುದ್ಧ’ ಎಂದು ಘೋಷಿಸುವ ಅಧಿಕಾರ ವೈದ್ಯನದಲ್ಲ, ಯಾಜಕನದು. ಸಂತ ಮಾರ್ಕನ ಮೊದಲನೆಯ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಮೊದಲು ಕೈನೀಡಿ ಮುಟ್ಟುತ್ತಾರೆ, ಶುದ್ಧನಾಗೆಂಬ ಮಾತು ಆಮೇಲೆ ಬರುತ್ತದೆ. ಈ ಕ್ರಮವನ್ನು ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಇನ್ನು ಈ ರೋಗದ ನಾಮಕರಣ. 1981ರ ಜೂನ್ 5ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲಿಸ್‌ನ ಐವರು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯದ ವರದಿ ಪ್ರಕಟವಾಯಿತು. ಒಂದು ತಿಂಗಳು ತುಂಬುವ ಮೊದಲೇ, ಜುಲೈ 3ರಂದು, ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಗಳಲ್ಲಿ 26 ಮಂದಿಗೆ ಕಾಪೋಸಿ ಸಾರ್ಕೋಮ ಎಂಬ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡ ವರದಿ ಬಂತು. ರೋಗಿಗಳು ಸಲಿಂಗಿಗಳೆಂಬ ಕಾರಣಕ್ಕೆ ಕೆಲವರು ಅದಕ್ಕೆ ಅವರದೇ ಹೆಸರಿಟ್ಟರು. ಆಮೇಲೆ ಹೈಟಿ ದೇಶದವರನ್ನೂ ಆ ಪಟ್ಟಿಗೆ ಸೇರಿಸಿದರು. 1982ರ ಸೆಪ್ಟೆಂಬರಿನಲ್ಲಿ ‘ಏಡ್ಸ್’ ಎಂಬ ಹೆಸರು ನೆಲೆಯಾಯಿತು. 1983ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ಬಾರೆ-ಸಿನೂಸಿ, ಮಾಂತನ್ಯೇ ಮತ್ತು ಸಂಗಡಿಗರು ವೈರಾಣುವನ್ನು ಬೇರ್ಪಡಿಸಿದರು, ಮರುವರ್ಷ ಅಮೆರಿಕದಲ್ಲಿ ಗ್ಯಾಲೊ ತಂಡ ಅದಕ್ಕೆ ಬೇರೆ ಹೆಸರಿಟ್ಟಿತು, 1986ರಲ್ಲಿ ಅಂತಾರಾಷ್ಟ್ರೀಯ ಸಮಿತಿ ‘ಎಚ್‌ಐವಿ’ ಎಂದು ಇತ್ಯರ್ಥಗೊಳಿಸಿತು. ರೋಗಕ್ಕೆ ಪರರ ಹೆಸರಿಡುವುದು ನಮಗೇನೂ ಹೊಸತಲ್ಲ. ಹದಿನಾರನೆಯ ಶತಮಾನದ ‘ಭಾವಪ್ರಕಾಶ’ವು ಸಿಫಿಲಿಸನ್ನು ‘ಫಿರಂಗ ರೋಗ’ವೆಂದು ಕರೆಯಿತು. ಆ ಫಿರಂಗಿಗಳು ಪೋರ್ಚುಗೀಸರು. ನಮ್ಮ ಧರ್ಮಸಭೆಯ ಪೂರ್ವಜರಲ್ಲಿ ಕೆಲವರು ಅದೇ ಹಡಗುಗಳಲ್ಲಿ ಬಂದವರು.

ಭಾರತದಲ್ಲಿ ಈ ವೈರಾಣು ಮೊದಲು ಪತ್ತೆಯಾದದ್ದು 1986ರಲ್ಲಿ. ಮದರಾಸಿನ ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರೂ ಸಂಗ್ರಹಿಸಿದ ರಕ್ತದ ಮಾದರಿಗಳ ಪರೀಕ್ಷೆ ನಡೆದದ್ದು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ. ಕರ್ನಾಟಕದ ಹಳ್ಳಿಗಳು ಮಾತ್ರ ಹೊಸ ಹೆಸರನ್ನು ತಮ್ಮ ಹಳೆಯ ಪದ್ಧತಿಯಲ್ಲೇ ಬರಮಾಡಿಕೊಂಡವು. ಪ್ಲೇಗಿನ ಕಾಲದಲ್ಲಿ ‘ಪ್ಲೇಗಮ್ಮ’ನ ಗುಡಿಗಳೆದ್ದಂತೆ, 1997ರಲ್ಲಿ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ವಿಜ್ಞಾನ ಶಿಕ್ಷಕರೊಬ್ಬರು ಜನರಿಗೆ ತಿಳಿವಳಿಕೆ ನೀಡಲೆಂದು ‘ಏಡ್ಸಮ್ಮ’ನ ಗುಡಿ ಕಟ್ಟಿಸಿದರು. ನಮ್ಮಲ್ಲಿ ಕೆಲವರು ಇದನ್ನು ಕೇಳಿ ನಗುತ್ತಾರೆ. ಭಯಕ್ಕೆ ಒಂದು ಹೆಸರು ಕೊಟ್ಟು ಊರ ನಡುವೆ ಕೂರಿಸುವುದು, ‘ಆ ಬ್ಯಾನಿ’ ಎಂದು ಹೆಸರೆತ್ತದೆ ಮನೆಯ ಹಿಂದಿನ ಕೋಣೆಗೆ ತಳ್ಳುವುದಕ್ಕಿಂತ ಮೇಲೆಂದು ನನಗನ್ನಿಸುತ್ತದೆ.

ಏಡ್ಸ್ ಎಂಬ ಅಕ್ಷರಗುಚ್ಛವನ್ನು ಕನ್ನಡದಲ್ಲಿ ಬಿಡಿಸಿ ಹೇಳಹೊರಟರೆ ಮೊದಲನೆಯ ಅಕ್ಷರದಲ್ಲೇ ತೊಡಕು ಎದುರಾಗುತ್ತದೆ. ಇಂಗ್ಲಿಷಿನ ‘ಅಕ್ವೈರ್ಡ್’ ಎಂಬುದಕ್ಕೆ ವೈದ್ಯರ ಬಾಯಲ್ಲಿ ಇರುವ ಅರ್ಥ ಇಷ್ಟೇ: ಹುಟ್ಟಿನಿಂದ ವಂಶವಾಹಿಯ ದೋಷವಾಗಿ ಬಂದದ್ದಲ್ಲ, ಆಮೇಲೆ ಉಂಟಾದದ್ದು. ಅದನ್ನು ‘ಆರ್ಜಿತ’ ಎಂದಾಗ ಅದು ನೇರವಾಗಿ ತಹಸೀಲ್ದಾರರ ಕಚೇರಿಗೆ ಹೋಗಿ ನಿಲ್ಲುತ್ತದೆ. ಪಿತ್ರಾರ್ಜಿತ ಆಸ್ತಿ, ಸ್ವಯಾರ್ಜಿತ ಆಸ್ತಿ ಎಂಬ ಮಾತುಗಳನ್ನು ಕೇಳಿ ಬೆಳೆದ ರೈತನಿಗೆ ‘ಆರ್ಜಿತ’ವೆಂದರೆ ದುಡಿದು ಸಂಪಾದಿಸಿದ್ದು. ‘ಗಳಿಸಿಕೊಂಡ’ ಎಂದರೂ ಅಷ್ಟೇ. ‘ತಾನೇ ಗಳಿಸಿಕೊಂಡ, ಉಣ್ಣಲಿ’ ಎಂಬ ತೀರ್ಪು ಪದದೊಳಗೇ ಕುಳಿತಿದೆ. ಗಂಡನಿಂದ ಪಡೆದ ಹೆಂಡತಿ ಏನನ್ನು ಗಳಿಸಿದಳು? ಹಾಲುಣ್ಣುವ ಕೂಸು ಏನನ್ನು ಸಂಪಾದಿಸಿತು? ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಇದನ್ನೇ, ಪಾಪ ಮಾಡಿದವರು ಯಾರು, ಇವನೋ, ಇವನ ಹೆತ್ತವರೋ ಎಂದು. ಯೇಸು ಎರಡನ್ನೂ ಒಪ್ಪಲಿಲ್ಲವೆಂದು ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯ ಹೇಳುತ್ತದೆ.

ಇಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ಮೂಲಪಾಪವನ್ನು ಕುರಿತ ಪಾಠದಲ್ಲಿ ನಾವು ಪ್ರತಿವರ್ಷ ಒಂದು ಭೇದವನ್ನು ಬಾಯಿಪಾಠ ಮಾಡಿಸುತ್ತೇವೆ. ಅದು ಒಬ್ಬನು ‘ಎಸಗಿದ’ ಪಾಪವಲ್ಲ, ಅವನಿಗೆ ‘ತಗುಲಿದ’ ಪಾಪ. ಕ್ರಿಯೆಯಲ್ಲ, ಸ್ಥಿತಿ. ಕಥೋಲಿಕ ಧರ್ಮೋಪದೇಶ ಗ್ರಂಥದ 404ನೆಯ ಖಂಡಿಕೆಯಲ್ಲಿ ಈ ಭೇದವೇ ಇದೆ. ಲ್ಯಾಟಿನ್ನಿನ ‘ಕೊಂತ್ರಾಹೆರೆ’ ಎಂಬ ಕ್ರಿಯಾಪದ ರೋಗ ತಗುಲುವುದಕ್ಕೂ ಮೂಲಪಾಪ ತಗುಲುವುದಕ್ಕೂ ಒಂದೇ. ತಗುಲಿದ್ದಕ್ಕೂ ಎಸಗಿದ್ದಕ್ಕೂ ನಡುವೆ ಇಷ್ಟು ಸೂಕ್ಷ್ಮವಾದ ಗೆರೆಯನ್ನು ಎಳೆಯಬಲ್ಲ ಪರಂಪರೆ ನಮ್ಮದು. ಎಚ್‌ಐವಿ ಇರುವ ವ್ಯಕ್ತಿ ಬಾಗಿಲಿಗೆ ಬಂದಾಗ ಆ ಗೆರೆಯನ್ನು ನಾವೇ ಅಳಿಸುತ್ತೇವೆ. ಎಸಗಿದ ಪಾಪವೇನಾದರೂ ಇದ್ದರೆ ಅದಕ್ಕೆ ಪಾಪನಿವೇದನೆಯ ಸಂಸ್ಕಾರವಿದೆ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯುತ್ತದೆ. ವೈರಾಣು ಪಾಪನಿವೇದನೆಯ ವಿಷಯವಲ್ಲ, ಔಷಧದ ವಿಷಯ.

ಪದಗಳನ್ನು ಹೇಗೆ ಕೂಡಿಸಬೇಕೆಂಬ ಚರ್ಚೆ ಈ ನೆಲಕ್ಕೆ ಹೊಸತಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಹೊಂದಿಕೆಯಿಲ್ಲದೆ ಬೆಸೆದರೆ ಅದು ಅರಿಸಮಾಸ, ದೋಷ ಎಂದಿತು. ಅದೇ ಕಾಲದ ಜೈನ ವೈದ್ಯ ಉಗ್ರಾದಿತ್ಯನು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದು, ಅದರ ಕೊನೆಯ ಭಾಗದಲ್ಲಿ ಮಾಂಸಾಹಾರದ ನಿರರ್ಥಕತೆಯ ಬಗೆಗೆ ನೃಪತುಂಗವಲ್ಲಭನ ಸಭೆಯಲ್ಲಿ ತಾನು ಮಾಡಿದ ವಾದವನ್ನು ಸೇರಿಸಿದ್ದಾನೆ. ಸುಮಾರು ಮೂರು ಶತಮಾನಗಳ ಅನಂತರ ಜಗದ್ದಳ ಸೋಮನಾಥನು ಪೂಜ್ಯಪಾದನ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ವೈದ್ಯಕೀಯವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತಿಗೆ ಅಂದೇ ಉತ್ತರ ಸಿಕ್ಕಿತ್ತು. ಇಂದು ಮಳಖೇಡದ ಕೋಟೆಯ ಆಸುಪಾಸಿನಲ್ಲಿ ಸಿಮೆಂಟಿನ ಚಿಮಣಿಗಳಿವೆ.

‘ರೋಗನಿರೋಧಕ ಶಕ್ತಿ’ ಎಂಬ ನಮ್ಮ ಪದದ ನಡುವಿನ ‘ನಿರೋಧ’ದ ಪಯಣ ಇನ್ನೂ ವಿಚಿತ್ರ. ಬುದ್ಧನ ಮೂರನೆಯ ಆರ್ಯಸತ್ಯ ದುಃಖನಿರೋಧ. ಅಶೋಕನ ಶಾಸನಗಳೂ ಕನಗನಹಳ್ಳಿಯ ಸ್ತೂಪವೂ ದೊರೆತ ಸನ್ನತಿ ಇರುವುದು ಇದೇ ಚಿತ್ತಾಪುರ ತಾಲ್ಲೂಕಿನಲ್ಲಿ. ಆ ಪದ ಈ ಮಣ್ಣಿನ ಮೇಲೆ ಎರಡು ಸಾವಿರ ವರ್ಷಗಳ ಹಿಂದೆಯೇ ಉಚ್ಚರಿತವಾಗಿದ್ದಿರಬೇಕು. ಪತಂಜಲಿ ಅದನ್ನು ಚಿತ್ತವೃತ್ತಿಗೆ ಅನ್ವಯಿಸಿದನು. 1968ರಲ್ಲಿ ಭಾರತ ಸರ್ಕಾರ ‘ನಿರೋಧ್’ ಎಂಬ ಹೆಸರಿನಲ್ಲಿ ಕಾಂಡೋಮುಗಳನ್ನು ಹಂಚತೊಡಗಿತು. ಆಮೇಲೆ ಏಡ್ಸ್ ಕುರಿತ ಗೋಡೆಬರಹಗಳು ಬಂದಾಗ ‘ರೋಗನಿರೋಧಕ’ ಎಂಬ ಪದವನ್ನು ಓದಿ ಹುಡುಗರು ನಕ್ಕದ್ದರಲ್ಲಿ ಅವರ ತಪ್ಪೇನಿಲ್ಲ.

ಲ್ಯಾಟಿನ್ನಿನ ‘ಇಮ್ಮೂನಿತಾಸ್’ ಬೇರೆಯೇ ದಾರಿಯಿಂದ ಬಂದದ್ದು. ‘ಮೂನುಸ್’ ಎಂದರೆ ಹೊಣೆ, ಸೇವೆ, ಕಾಣಿಕೆ, ಪದವಿ. ರೋಮಿನಲ್ಲಿ ‘ಇಮ್ಮೂನಿಸ್’ ಎನಿಸಿಕೊಂಡವನು ತೆರಿಗೆ ಮತ್ತು ಸಾರ್ವಜನಿಕ ಸೇವೆಯಿಂದ ವಿನಾಯಿತಿ ಪಡೆದವನು. ಕವಿ ಲೂಕನ್ ಹಾವಿನ ವಿಷ ತಾಗದ ಆಫ್ರಿಕದ ಸಿಲ್ಲಿ ಜನರ ಬಗೆಗೆ ಆ ಪದವನ್ನು ಬಳಸಿದನು. ವೈದ್ಯಕೀಯದಲ್ಲಿ ಅದು ನೆಲೆಯಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಪಾಸ್ಚರ್ ಮತ್ತು ಮೆಚ್ನಿಕಾಫರ ಕಾಲದಲ್ಲಿ. ಈ ನಡುವಿನ ಶತಮಾನಗಳುದ್ದಕ್ಕೂ ಅದನ್ನು ಜೋಪಾನ ಮಾಡಿದವರು ಧರ್ಮಸಭೆಯ ಕಾನೂನು ಪಂಡಿತರು. ಗುರುಗಳಿಗೆ ಲೌಕಿಕ ನ್ಯಾಯಾಲಯದಿಂದ, ಸೈನ್ಯಸೇವೆಯಿಂದ, ದೇವಾಲಯಕ್ಕೆ ಅರಸನ ಕೈಯಿಂದ ಸಿಗಬೇಕಾದ ವಿನಾಯಿತಿಯೇ ‘ಇಮ್ಮೂನಿತಾಸ್’. 1917ರ ಕಾನೂನು ಸಂಹಿತೆಯ 121ನೆಯ ವಿಧಿ ಗುರುಗಳನ್ನು ‘ಇಮ್ಮೂನೆಸ್’ ಎಂದೇ ಕರೆಯಿತು. 1854ರಲ್ಲಿ ಒಂಬತ್ತನೆಯ ಪಿಯುಸ್ ಜಗದ್ಗುರುಗಳು ಮರಿಯಮ್ಮನವರ ಅಮಲೋದ್ಭವವನ್ನು ವಿಶ್ವಾಸಸತ್ಯವೆಂದು ಸಾರಿದಾಗಲೂ, ಮೂಲಪಾಪದ ಕಲೆಯಿಂದ ಆಕೆ ‘ಇಮ್ಮೂನೆಂ’ ಎಂಬ ಪದ ಆ ನಿರೂಪಣೆಯಲ್ಲಿತ್ತು.

ಆದರೆ ಅದೇ ‘ಮೂನುಸ್’ನಿಂದಲೇ ‘ಕೊಮ್ಮೂನಿಯೊ’ ಎಂಬ ಪದವೂ ಬಂತು: ಹೊಣೆಯನ್ನು ಜೊತೆಗೂಡಿ ಹೊರುವುದು, ಅನ್ಯೋನ್ಯತೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ನಾವು ಕಲಿಸುವ ಗುರುತ್ವದ ಮೂರು ‘ಮೂನೆರಾ’ಗಳು, ಅಂದರೆ ಬೋಧಿಸುವ, ಪವಿತ್ರೀಕರಿಸುವ, ಪಾಲಿಸುವ ಹೊಣೆಗಳು, ಇದೇ ಬೇರಿನವು. ಗುರುವಿನ ಬದುಕಿನಲ್ಲಿ ವಿನಾಯಿತಿಯೂ ಹೊಣೆಯೂ ಯಾವಾಗಲೂ ಒಂದೇ ಮನೆಯಲ್ಲಿ ಜಗಳವಾಡುತ್ತಿವೆ. ಸಂತ ಕಮಿಲಸ್ ತನ್ನ ಸಭೆಗೆ ನಾಲ್ಕನೆಯ ವ್ರತವೊಂದನ್ನು ಕೊಟ್ಟನು, ಪ್ರಾಣಾಪಾಯವಿದ್ದರೂ ರೋಗಿಗಳ ಸೇವೆ ಮಾಡುವುದು. ಆ ಸಭೆಯವರೇ ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನಲ್ಲಿ ಎಚ್‌ಐವಿ ಇದ್ದವರಿಗಾಗಿ ‘ಸ್ನೇಹದಾನ’ವನ್ನು ತೆರೆದರು.

ಕ್ಯಾನ್ಸರಿನ ಪದಗಳಿಗೆ ಬರುತ್ತೇನೆ. ಗ್ರೀಕರ ‘ಕಾರ್ಕಿನೋಸ್’, ರೋಮನ್ನರ ‘ಕಾನ್ಸೆರ್’, ಎರಡೂ ಏಡಿ. ಊತದ ಸುತ್ತ ಚಾಚಿದ ನರಗಳು ಏಡಿಯ ಕಾಲುಗಳಂತೆ ಕಂಡವು. ಕನ್ನಡದಲ್ಲಿ ‘ಏಡಿಗಂತಿ’ ಎಂಬ ಸೊಗಸಾದ ಪದ ಸಿದ್ಧವಾಯಿತಾದರೂ ಜನ ಅದನ್ನು ಒಪ್ಪಲಿಲ್ಲ. ‘ಏಡ್ಸ್’ ಬಂದ ಮೇಲಂತೂ ಎರಡನ್ನೂ ಒಂದೇ ಎಂದು ಓದಿಕೊಳ್ಳುವ ಅಪಾಯವಿತ್ತು. ‘ಅರ್ಬುದ’ ಸುಶ್ರುತನ ಕಾಲದ್ದು, ನಿಧಾನವಾಗಿ ಬೆಳೆಯುವ ಗಟ್ಟಿ ಗಡ್ಡೆ. ಎರಡನೆಯ ತಿಮೊಥೆಯನ ಎರಡನೆಯ ಅಧ್ಯಾಯದಲ್ಲಿ ಸುಳ್ಳುಬೋಧಕರ ಮಾತು ಹಬ್ಬುವ ಬಗೆಗೆ ಗ್ರೀಕಿನಲ್ಲಿ ‘ಗಂಗ್ರೈನಾ’ ಎಂದಿದ್ದರೆ, ವುಲ್ಗಾತಾ ಲ್ಯಾಟಿನ್ ಬೈಬಲ್ ಅದನ್ನು ‘ಕಾನ್ಸೆರ್’ ಎಂದಿತು. ಅಂದಿನಿಂದ ಕ್ಯಾನ್ಸರ್ ನಮ್ಮ ಪ್ರಸಂಗಗಳಲ್ಲಿ ಪಾಪಕ್ಕೂ ಪಾಷಂಡವಾದಕ್ಕೂ ಉಪಮೆಯಾಗಿದೆ. ಪೀಠದಿಂದ ಕೆಳಗೆ ಮೂರನೆಯ ಸಾಲಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಕುಳಿತಿರಬಹುದೆಂಬ ನೆನಪು ಆ ಉಪಮೆ ಬಳಸುವವರಿಗೆ ಇರುವುದಿಲ್ಲ. ಹಿಂದೊಮ್ಮೆ ನನಗೂ ಇರಲಿಲ್ಲ.

ರೋಗನಿರೋಧಕ ಶಕ್ತಿ ಕುಗ್ಗಿದಾಗ ಎಲ್ಲ ಕ್ಯಾನ್ಸರುಗಳೂ ಬರುವುದಿಲ್ಲ. ಬೇರೆ ವೈರಾಣುಗಳಿಂದ ಹುಟ್ಟುವ ಕೆಲವು ಮುಖ್ಯವಾಗಿ ತಲೆಯೆತ್ತುತ್ತವೆ. ಎಚ್‌ಐವಿ ನಾಶಮಾಡುವುದು ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್ ಹಂತ. ಆದ್ದರಿಂದ ಎಚ್‌ಐವಿ ಇರುವವರೆಲ್ಲರಿಗೂ ಏಡ್ಸ್ ಇದೆಯೆನ್ನುವುದು ತಪ್ಪು. ಆ ಹಂತವನ್ನು ಸೂಚಿಸುವ ಕ್ಯಾನ್ಸರುಗಳು ಮೂರು: ಕಾಪೋಸಿ ಸಾರ್ಕೋಮ, ಬರ್ಕಿಟ್‌ನ ಗಡ್ಡೆಯೂ ಸೇರಿದ ಕೆಲವು ನಾನ್-ಹಾಜ್ಕಿನ್ ಲಿಂಫೋಮಗಳು, ಗರ್ಭಕೊರಳಿನ ಕ್ಯಾನ್ಸರ್. ಮೊದಲನೆಯದನ್ನು 1872ರಲ್ಲಿ ವಿಯೆನ್ನಾದಲ್ಲಿ ವರ್ಣಿಸಿದ ಮೋರಿತ್ಸ್ ಕಾಪೋಸಿ ಹಂಗೆರಿಯ ಕಾಪೋಷ್ವಾರ್ ಊರಿನ ಯೆಹೂದ್ಯ. ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿ, ಕೋನ್ ಎಂಬ ಮನೆತನದ ಹೆಸರನ್ನು ಬಿಟ್ಟು ಊರ ಹೆಸರನ್ನು ಧರಿಸಿದವನು. ಅದಕ್ಕೆ ಕಾರಣವಾದ ವೈರಾಣುವನ್ನು ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ಕಂಡದ್ದು 1994ರಲ್ಲಿ. ಎರಡನೆಯ ಗುಂಪಿನ ಡೆನಿಸ್ ಬರ್ಕಿಟ್ ಐರ್ಲೆಂಡಿನ ಭಕ್ತ ಪ್ರೊಟೆಸ್ಟೆಂಟ್ ಶಸ್ತ್ರವೈದ್ಯ. ಉಗಾಂಡದ ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ ಗಡ್ಡೆಯ ಬಗೆಗೆ 1958ರಲ್ಲಿ ಬರೆದು, 1961ರಲ್ಲಿ ಹಳೆಯ ವಾಹನವೊಂದರಲ್ಲಿ ಸುಮಾರು 10,000 ಮೈಲಿ ಸುತ್ತಿ ಅದರ ನಕ್ಷೆ ತಯಾರಿಸಿದನು.

ಈ ಇಬ್ಬರ ಕಥೆ ರೋಚಕ. ಆದರೆ ಕಾಪೋಸಿಯ ಕ್ಯಾನ್ಸರ್ ಭಾರತದಲ್ಲಿ ವಿರಳ. ನಮ್ಮ ಧರ್ಮಕೇಂದ್ರಗಳ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು ಮೂರನೆಯದು, ವೈದ್ಯನ ಹೆಸರಿಲ್ಲದ ಗರ್ಭಕೊರಳಿನ ಕ್ಯಾನ್ಸರ್. ಎಚ್‌ಐವಿ ಇರುವ ಮಹಿಳೆಗೆ ಇದು ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲ ಹಂತದಲ್ಲಿ ಕಂಡರೆ ಗುಣಪಡಿಸಬಹುದು. 1993ರಲ್ಲಷ್ಟೇ ಇದನ್ನು ಅಮೆರಿಕದ ಪಟ್ಟಿಗೆ ಸೇರಿಸಲಾಯಿತು. ಅಲ್ಲಿಯವರೆಗೆ ಏಡ್ಸಿನ ವ್ಯಾಖ್ಯೆ ಗಂಡಸರ ದೇಹವನ್ನು ನೋಡಿ ಬರೆದದ್ದಾಗಿತ್ತು. ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ. ಆದರೂ ಚಿಂಚೋಳಿಯ ತಾಂಡಾದ ಹೆಣ್ಣುಮಗಳು ಆ ಅಂಗದ ಹೆಸರನ್ನು ಯಾರ ಮುಂದೆ ಹೇಳಬೇಕು?

ಈ ಐದು ಊರುಗಳಿಗೆ ರೋಗ ಬಂದ ದಾರಿಗಳು ಅವುಗಳ ಇತಿಹಾಸದಲ್ಲೇ ಇವೆ. 1874ರಲ್ಲಿ ನಿಜಾಮರ ರೈಲುಮಾರ್ಗ ಸಿಕಂದರಾಬಾದಿನಿಂದ ವಾಡಿಗೆ ಬಂದು ಮುಂಬಯಿ–ಮದರಾಸು ಮಾರ್ಗವನ್ನು ಕೂಡಿಕೊಂಡಿತು. ಶಹಾಬಾದಿನ ಹಾಸುಗಲ್ಲು, ವಾಡಿ ಮತ್ತು ಸೇಡಮ್ಮಿನ ಸಿಮೆಂಟು ಲಾರಿಗಳಲ್ಲಿ ದೇಶವೆಲ್ಲ ಸುತ್ತಿದವು. ಮಳೆ ಕೈಕೊಟ್ಟ ವರ್ಷ ಚಿಂಚೋಳಿಯ ಜನ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದರು. ಎರಡು ಸಾವಿರದ ಆಸುಪಾಸಿನಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕಗಳೂ ಇದ್ದವು. ಆ ಮೂರರ ಗಡಿಗಳಿಗೆ ಹತ್ತಿರದ ಸೀಮೆ ನಮ್ಮದು. ಲಾರಿ ಚಾಲಕರನ್ನೂ ವಲಸೆ ಕಾರ್ಮಿಕರನ್ನೂ ಸರ್ಕಾರದ ಕಡತಗಳು ‘ಸೇತು ಸಮೂಹ’ ಎನ್ನುತ್ತವೆ, ರೋಗ ಅವರ ಮೇಲೆ ದಾಟಿ ಬರುತ್ತದೆಂಬ ಅರ್ಥದಲ್ಲಿ. ಜಗದ್ಗುರುಗಳ ‘ಪೊಂತಿಫೆಕ್ಸ್’ ಎಂಬ ಬಿರುದಿನಲ್ಲಿರುವುದೂ ಸೇತುವೆಯೇ. ಕಲ್ಲು ಒಡೆದು ಮನೆ ಸಾಕುವವನಿಗೆ ಕೊಟ್ಟಾಗ ಆ ಪದ ಆಪಾದನೆಯಾಗುತ್ತದೆ.

2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿದ ಮೇಲೆ ಸಾವಿನ ಮಾತು ಹಿಂದೆ ಸರಿಯಿತು. ಮಾತ್ರೆಯನ್ನು ತಪ್ಪದೆ ನುಂಗುವವರ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದೇ ಇರುವವರೆಗೆ ಸಂಗಾತಿಗೂ ಅದು ದಾಟುವುದಿಲ್ಲ. ‘ಮಾರಕ ರೋಗ’ ಎಂಬ ಹಳೆಯ ಗೋಡೆಬರಹವನ್ನು ಇಂದಿಗೂ ಪ್ರಸಂಗದಲ್ಲಿ ಹೇಳುವವರು ಇಪ್ಪತ್ತು ವರ್ಷ ಹಿಂದಿದ್ದಾರೆ.

ಧರ್ಮಸಭೆ ಮುಟ್ಟಲು ಹಿಂಜರಿಯಲಿಲ್ಲವೆಂಬುದಕ್ಕೆ ನಿದರ್ಶನಗಳಿವೆ. ಮದರ್ ತೆರೇಸಾ 1985ರ ಕ್ರಿಸ್ಮಸ್ ಹಿಂದಿನ ದಿನ ನ್ಯೂಯಾರ್ಕಿನಲ್ಲಿ ಏಡ್ಸ್ ರೋಗಿಗಳಿಗೆ ಮನೆ ತೆರೆದರು. 1987ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಅಂಥ ಒಂದು ಮಗುವನ್ನು ಎಲ್ಲರೆದುರು ಅಪ್ಪಿಕೊಂಡರು. ಕಲಬುರಗಿ ಧರ್ಮಕ್ಷೇತ್ರ ಸ್ಥಾಪನೆಯಾದ 2005ರಲ್ಲೇ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಆರೋಗ್ಯ ಆಯೋಗ ಎಚ್‌ಐವಿ ನೀತಿಯನ್ನು ಪ್ರಕಟಿಸಿತು. ಕಡತದ ಮಟ್ಟಿಗೆ ನಾವು ಸರಿಯಾಗಿದ್ದೇವೆ. ತೊಡಕಿರುವುದು ಧರ್ಮಕೇಂದ್ರದ ಕಚೇರಿಯ ಮೇಜಿನ ಮೇಲೆ. ಮದುವೆಯ ಕಾಗದಗಳ ಜೊತೆಗೆ ಎಚ್‌ಐವಿ ಪರೀಕ್ಷೆಯ ಚೀಟಿ ತರಲು ಹೇಳುವ ಗುರುಗಳನ್ನು ಬಲ್ಲೆ. ಅವರ ಉದ್ದೇಶ ಹುಡುಗಿಯನ್ನು ಕಾಪಾಡುವುದೆಂಬುದನ್ನೂ ಬಲ್ಲೆ. ಆದರೆ 1983ರ ಕಾನೂನು ಸಂಹಿತೆಯಲ್ಲಿ ಎಚ್‌ಐವಿ ವಿವಾಹಕ್ಕೆ ಅಡ್ಡಿಯಲ್ಲ. ಒಪ್ಪಿಗೆ ಪಡೆಯಲೆಂದೇ, ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದನ್ನು ಮೋಸದಿಂದ ಮುಚ್ಚಿಟ್ಟರೆ 1098ನೆಯ ವಿಧಿ ಅನ್ವಯಿಸಬಹುದು, ಅದು ಬೇರೆ ಮಾತು. ದೇಶದ ಕಾನೂನು ಇನ್ನೂ ಸ್ಪಷ್ಟ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮವು ತಿಳಿದು ನೀಡಿದ ಸಮ್ಮತಿಯಿಲ್ಲದೆ ಪರೀಕ್ಷೆ ಕೂಡದೆನ್ನುತ್ತದೆ, ಫಲಿತಾಂಶದ ಗೋಪ್ಯತೆಯನ್ನು ಕಾಪಾಡುತ್ತದೆ. ತಾರತಮ್ಯ ಕೂಡದ ಸ್ಥಳಗಳ ಪಟ್ಟಿಯಲ್ಲಿ ಬಾವಿ, ಕೆರೆ, ರಸ್ತೆಗಳ ಜೊತೆಗೆ ಸ್ಮಶಾನವನ್ನೂ ಅಂತ್ಯಕ್ರಿಯೆಯನ್ನೂ ಸೇರಿಸಿದೆ. ಚೀಟಿ ಕೇಳುವ ಗುರು ಯಾಜಕಕಾಂಡದ ಯಾಜಕನ ಜಾಗದಲ್ಲಿ ಕುಳಿತಿರುತ್ತಾನೆ. ಇಬ್ಬರನ್ನೂ ಕೂರಿಸಿ, ತಾವಾಗಿಯೇ ಪರೀಕ್ಷೆ ಮಾಡಿಸಿಕೊಂಡು ಒಬ್ಬರಿಗೊಬ್ಬರು ತಿಳಿಸಿಕೊಳ್ಳುವಂತೆ ಹೇಳುವುದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ, ಅಷ್ಟೇ.

ಕಳೆದ ವರ್ಷ ಡಿಸೆಂಬರ್ 1ರ ಏಡ್ಸ್ ದಿನದ ಬಲಿಪೂಜೆಗೆ ವಿಶ್ವಾಸಿಗಳ ಪ್ರಾರ್ಥನೆಯನ್ನು ಬರೆಯಲು ಮೂರನೆಯ ವರ್ಷದ ವಿದ್ಯಾರ್ಥಿಗಳಿಗೆ ಹೇಳಿದ್ದೆ. ‘ಏಡ್ಸ್ ಪೀಡಿತರಿಗಾಗಿ’ ಎಂಬುದನ್ನು ಅವರೇ ಹೊಡೆದುಹಾಕಿದರು. ‘ಎಚ್‌ಐವಿ ಸೋಂಕಿತರಿಗಾಗಿ’ ಎಂದು ಬರೆದಾಗ ಚರ್ಚೆ ಹುಟ್ಟಿತು. ನಾನು ಆ ತಾಯಿಯ ಪ್ರಶ್ನೆಯನ್ನು ಅವರಿಗೆ ಹೇಳಿದೆ. ಶಹಾಬಾದ್ ಕಡೆಯ ಒಬ್ಬನು, ಸೋಂಕೆಂದರೆ ಸ್ಪರ್ಶವಾದ್ದರಿಂದ ಆ ಪದವನ್ನು ಭಯದಿಂದ ಬಿಡಿಸಿ ಯೇಸುವಿನ ಸ್ಪರ್ಶಕ್ಕೆ ಮರಳಿಸಬೇಕು, ಬಿಟ್ಟುಕೊಡಬಾರದು ಎಂದನು. ಇನ್ನೊಬ್ಬನು, ನಾವು ಪದವನ್ನು ಮರಳಿಸುವ ತನಕ ಆ ಮನೆಯಲ್ಲಿ ತಾಟು ಬೇರೆಯೇ ಇರುತ್ತದೆ, ‘ಎಚ್‌ಐವಿಯೊಂದಿಗೆ ಬಾಳುತ್ತಿರುವವರಿಗಾಗಿ’ ಎಂದು ಬರೆಯೋಣ ಎಂದನು. ಪ್ರಾರ್ಥನೆಯನ್ನು ಎರಡನೆಯ ರೂಪದಲ್ಲಿ ಓದಲಾಯಿತು. ಮೊದಲನೆಯವನು ಇನ್ನೂ ಒಪ್ಪಿಲ್ಲ.